ಅಪ್‌ಡೇಟ್: ಸೋಡಾ ಹಾಕಿದರೂ ಏರದ ಆಲ್ಕಲಿನಿಟಿ – ಕೊರತೆ ಇದ್ದದ್ದು ಮೆಗ್ನೀಸಿಯಂನಲ್ಲಿ

ಮುಂಬೈ ಮಾಟುಂಗದ ನನ್ನ 200 ಲೀಟರ್ ಹವಳದ ತೊಟ್ಟಿಯಲ್ಲಿ (ಜೀವಂತ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಸೋಡಾ ಹಾಕಿದರೂ ಆಲ್ಕಲಿನಿಟಿ (ಮುಖ್ಯವಾಗಿ ನೀರಿನ ಕಾರ್ಬೊನೇಟ್, ಬೈಕಾರ್ಬೊನೇಟ್ ಪ್ರಮಾಣ) 6.2 ಡಿಕೆಎಚ್ (ಅದರ ಅಳತೆಯ ಮಾನ), ಕ್ಯಾಲ್ಸಿಯಂ 340 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ದಾಟುತ್ತಿಲ್ಲ, ಪಂಪಿಗೆ ಬಿಳಿ ಪದರ ಕಟ್ಟುತ್ತಿದೆ ಎಂದು ಕೇಳಿದ್ದೆ. ಮೆಗ್ನೀಸಿಯಂ ಅಳೆಯಿರಿ ಎಂದವರ ಮಾತೇ ನಿಜ: ಬರೀ 1080 ಪಿಪಿಎಂ ಇತ್ತು. ಅದು ಇಳಿದರೆ ಕ್ಯಾಲ್ಸಿಯಂ, ಕಾರ್ಬೊನೇಟ್ ಎರಡೂ ಕೂಡಿ ಗಟ್ಟಿಯಾಗಿ ಕೂತುಬಿಡುತ್ತವೆ. ಹಾಕಿದ್ದೆಲ್ಲ ಪಂಪಿನ ಪಾಲಾಗುತ್ತಿತ್ತು.

ಮೊದಲು ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್, ದಿನಕ್ಕೆ 92 ಗ್ರಾಂನಂತೆ ನಾಲ್ಕು ದಿನ. ಮೆಗ್ನೀಸಿಯಂ ಸುಮಾರು 1300 ಪಿಪಿಎಂಗೆ ಬಂತು. ಆಮೇಲೆ ಅಡುಗೆ ಸೋಡಾ (ಬೇಕಿಂಗ್ ಪೌಡರ್ ಅಲ್ಲ!): ಇಷ್ಟು ನೀರಿಗೆ 6 ಗ್ರಾಂ ಹಾಕಿದರೆ 1 ಡಿಕೆಎಚ್ ಏರುತ್ತದೆ, ದಿನಕ್ಕೆ ಅದಕ್ಕಿಂತ ಹೆಚ್ಚು ಬೇಡ. ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 15 ಗ್ರಾಂ ಹಾಕಿದರೆ ಕ್ಯಾಲ್ಸಿಯಂ 20 ಪಿಪಿಎಂ ಏರುತ್ತದೆ. ಎಲ್ಲವನ್ನೂ ಆರ್‌ಒ (ಫಿಲ್ಟರಿನಲ್ಲಿ ಲವಣ ತೆಗೆದ) ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಹರಿವು ಜೋರಿರುವಲ್ಲಿ, ಅರ್ಧ ಗಂಟೆ ಅಂತರ ಬಿಟ್ಟು ಸುರಿಯಬೇಕು. ಪಂಪಿನ ಪದರ ವಿನೆಗರಿನಲ್ಲಿ ನೆನೆಸಿದರೆ ಬಿಡುತ್ತದೆ.

ಈಗ ಆಲ್ಕಲಿನಿಟಿ 8.3 ಡಿಕೆಎಚ್, ಕ್ಯಾಲ್ಸಿಯಂ 420 ಪಿಪಿಎಂ.

ಮುಂಬೈಯವರು ಒಂದು ಗಮನಿಸಿ: ಆವಿಯಾದ ನೀರಿನ ಬದಲು ಸುಣ್ಣದ ತಿಳಿನೀರು (ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡನ್ನೂ ಕೊಡುವಂಥದ್ದು) ಸೇರಿಸುವವರಿಗೆ ಮಳೆಗಾಲದಲ್ಲಿ ಲೆಕ್ಕ ತಪ್ಪುತ್ತದೆ. ತೇವದ ಗಾಳಿಗೆ ನೀರು ಆವಿಯಾಗುವುದೇ ಕಡಿಮೆ, ಹಾಗಾಗಿ ತಿಳಿನೀರೂ ಕಡಿಮೆ ಸೇರುತ್ತದೆ. ಹವಳದ ಹಸಿವು ಮಾತ್ರ ಅಷ್ಟೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕೊರತೆಯನ್ನು ಸೋಡಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್‌ನಿಂದಲೇ ತುಂಬಬೇಕು.