ಐನ್‌ಮನೆ ಫೋಟೋ: ಕಂಬ ನೆಟ್ಟಗಾದರೆ ಬಾಗಿಲು ವಾಲುತ್ತದೆ!

ಕಾಫಿಬೀಜ:
ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಕಡೆ ನಮ್ಮ ಒಕ್ಕದ (ಕುಲದ) ಐನ್‌ಮನೆ, ಅಂದರೆ ಮೂಲಮನೆ ಇದೆ. ಸುಗ್ಗಿಹಬ್ಬ ಪುತ್ತರಿಗೆ ಎಲ್ಲರೂ ಸೇರುವಾಗ ಅದರ ಫೋಟೋ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಡಬೇಕು ಅಂತಿದ್ದೇನೆ. ಮೊಬೈಲಿನಲ್ಲೇ ತೆಗೆದದ್ದು. ಅಂಗಳ ಚಿಕ್ಕದು, ನಾಲ್ಕು ಹೆಜ್ಜೆ ಹಿಂದೆ ಹೋದರೆ ಕಾಫಿ ಗಿಡ. ಹಾಗಾಗಿ ಮನೆ ಎದುರು ನಡುವೆ ನಿಂತು, 0.5 ವೈಡ್ (ಅಗಲ ನೋಟದ ಲೆನ್ಸ್) ಹಾಕಿ, ಫೋನನ್ನು ಸ್ವಲ್ಪ ಮೇಲಕ್ಕೆತ್ತಿ ತೆಗೆದೆ.

ಬಲಗಡೆಯ ಕಂಬ ಚೆನ್ನಾಗಿಯೇ ಒಳಕ್ಕೆ ವಾಲಿತ್ತು. ಎಡಗಡೆಯದು ಅಷ್ಟೇನಿಲ್ಲ. ಫೋಟೋ ತಿದ್ದುವ ಲೈಟ್‌ರೂಮ್ ಆ್ಯಪ್‌ನ ಜಿಯಾಮೆಟ್ರಿಯಲ್ಲಿ ಗೈಡೆಡ್ (ನಾವು ಗೆರೆ ಎಳೆದದ್ದನ್ನು ನೆಟ್ಟಗೆ ಮಾಡುವ ಆಯ್ಕೆ) ಆರಿಸಿ ಎರಡು ಕಂಬಗಳ ಮೇಲೂ ಗೆರೆ ಎಳೆದೆ. ಕಂಬಗಳು ನೆಟ್ಟಗಾದವು, ಆದರೆ ಎಡಗಂಬದ ಪಕ್ಕದ ಬಾಗಿಲ ಚೌಕಟ್ಟು, ಗೋಡೆಯ ಮೂಲೆ ಎರಡೂ ಬಲಕ್ಕೆ ವಾಲಿ ನಿಂತಿವೆ. ಹತ್ತು ಸಲ ಗೆರೆ ಅಳಿಸಿ ಎಳೆದಿದ್ದೇನೆ. ಇದರ ಜೊತೆಗೆ ಸೂರಿನ ಅಂಚು ಬಿಲ್ಲಿನಂತೆ ಬಾಗಿದೆ, ಮುಂದಿನ ಜಗಲಿ ಕಯ್ಯಾಲೆಯೊಳಗೆ ಕತ್ತಲೆ, ಆಕಾಶ ಸುಣ್ಣ ಬಳಿದ ಹಾಗೆ. ತಲೆ ಕೆಟ್ಟುಹೋಗಿದೆ.

ಜಡಿಮಳೆ:
ಸುಮ್ನೆ ಆಟೋ ಒತ್ತಿ ನೋಡಿ.

ಕಾಫಿಬೀಜ:
ಒತ್ತಿದೆ. ಈಗ ಮನೆಯೇ ವಾಲಿತು.

ಹಳೆಲೆನ್ಸ್:
ಮೊದಲು ಸೂರಿನ ವಿಷಯ. ಅಂಚು ನಡುವಿನಲ್ಲಿ ಮೇಲಕ್ಕೆ ಉಬ್ಬಿದ್ದರೆ ಅದು ವೈಡ್ ಲೆನ್ಸಿನ ಕೆಲಸ. ಕೆಳಕ್ಕೆ ಜೋತಿದ್ದರೆ ನಿಮ್ಮ ಮಾಡಿನ ಮರದ್ದು, ಅದಕ್ಕೆ ಬಡಗಿಯನ್ನು ಕರೆಯಿರಿ. ಉಬ್ಬನ್ನು ಡಿಸ್ಟಾರ್ಷನ್ ಸ್ಲೈಡರ್‌ನಲ್ಲಿ ಮೊದಲೇ ಸರಿ ಮಾಡಿಕೊಳ್ಳಿ. ಬಾಗಿದ ಗೆರೆ ಇಟ್ಟುಕೊಂಡು ನೆಟ್ಟಗೆ ಮಾಡಲು ಹೊರಟರೆ ಯಾವುದೂ ಕೂಡುವುದಿಲ್ಲ.

ಈಗ ಕಂಬ. ಫೋನ್ ಮೇಲಕ್ಕೆತ್ತಿದರೆ ನೇರ ಗೆರೆಗಳೆಲ್ಲ ಮೇಲೆ ಹೋಗುತ್ತಾ ಹತ್ತಿರವಾಗುತ್ತವೆ. ನೀವು ನಡುವೆ ನಿಂತಿದ್ದರೆ ಎರಡು ಕಂಬವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಒಳಕ್ಕೆ ವಾಲಬೇಕು. ನಿಮ್ಮದರಲ್ಲಿ ಒಂದು ವಾಲಿದೆ, ಇನ್ನೊಂದು ಇಲ್ಲ. ಫೋನ್ ಸೊಟ್ಟ ಹಿಡಿದಿದ್ದರೂ ಹೀಗಾಗುತ್ತದೆ, ಆದರೆ ಆಗ ಗೈಡೆಡ್ ಹಾಕಿದ ಮೇಲೆ ಬಾಗಿಲೂ ಸರಿಹೋಗಬೇಕಿತ್ತು. ಹೋಗಿಲ್ಲ. ಅಂದರೆ ಎಡಗಂಬ ನಿಜವಾಗಿಯೇ ಹೊರಕ್ಕೆ ವಾಲಿರಬಹುದು. ನೀವು ಗೆರೆ ಎಳೆದು ‘ಇದು ನೆಟ್ಟಗಿದೆ’ ಅಂತ ಹೇಳಿದಿರಿ, ಲೈಟ್‌ರೂಮ್ ನಂಬಿತು. ಆ ಕಡೆ ಎಷ್ಟು ತಿದ್ದಬೇಕೋ ಅಷ್ಟು ತಿದ್ದಲಿಲ್ಲ, ಹಾಗಾಗಿ ಬಾಗಿಲು ಒಳಕ್ಕೆ ವಾಲಿಕೊಂಡೇ ಉಳಿಯಿತು.

ಎಡಗಡೆ ಗೆರೆಯನ್ನು ಬಾಗಿಲ ಚೌಕಟ್ಟಿನ ಮೇಲೆ ಎಳೆಯಿರಿ. ಚೌಕಟ್ಟು ವಾಲಿದ್ದರೆ ಬಾಗಿಲು ಹಾಕುವಾಗಲೇ ಗೊತ್ತಾಗುತ್ತದೆ, ಅಲ್ವಾ?

ಗದ್ದೆಬದಿ:
ಪೂರ್ತಿ ನೂರಕ್ಕೆ ನೂರು ನೆಟ್ಟಗೆ ಮಾಡಬೇಡಿ ಅಂತ ನನ್ನ ಸಲಹೆ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದಲ್ಲಿ ನಾನು ಕಲಿತ ಪಾಠ ಇದು. 1820ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ನಾನು ಹತ್ತಿರ ನಿಂತು, ಫೋನ್ ಎತ್ತಿ ತೆಗೆದು, ಆಮೇಲೆ ಸ್ನ್ಯಾಪ್‌ಸೀಡ್ ಆ್ಯಪ್‌ನ ಪರ್ಸ್ಪೆಕ್ಟಿವ್‌ನಲ್ಲಿ ಮಿನಾರುಗಳನ್ನು ನೆಟ್ಟಗೆ ಎಳೆದೆ. ಗುಮ್ಮಟ ಕೋಳಿಮೊಟ್ಟೆ ಆಯಿತು! ಅದರ ತುದಿಯ ಗೋಳ ಕ್ರಾಪ್‌ನಲ್ಲಿ ಹೋಯಿತು. ಆ್ಯಪ್ ತಾನೇ ತುಂಬಿಸಿದ ಮೂಲೆಯಲ್ಲಿ ಒಂದೇ ಮೋಡ ಎರಡೆರಡು ಸಲ ಬಂದಿತ್ತು. ಮರುವಾರ ಕೆರೆಯ ಆಚೆ ದಡಕ್ಕೆ ಹೋಗಿ, ಫೋನ್ ನೆಟ್ಟಗೆ ಹಿಡಿದು, 2x ಹಾಕಿ, ಸುತ್ತ ಜಾಗ ಬಿಟ್ಟು ತೆಗೆದೆ. ತಿದ್ದುವುದೇ ಬೇಕಾಗಲಿಲ್ಲ.

ನಿಮಗೆ ಹಿಂದೆ ಜಾಗ ಇಲ್ಲ, ಒಪ್ಪಿದೆ. ಹಾಗಾದರೆ ಒಂದು ಸ್ಟೂಲ್ ಹತ್ತಿ. ಫೋನ್ ಎತ್ತರಕ್ಕೆ ಹೋದಷ್ಟೂ ಮೇಲಕ್ಕೆ ತಿರುಗಿಸುವುದು ಕಡಿಮೆಯಾಗುತ್ತದೆ. ಕ್ಯಾಮೆರಾದಲ್ಲಿ ಗ್ರಿಡ್ ಹಾಕಿಕೊಳ್ಳಿ. ಉಳಿದ ವಾಲನ್ನು ಮುಕ್ಕಾಲು ಭಾಗ ಮಾತ್ರ ತಿದ್ದಿ. ಮನೆ ಉದ್ದಕ್ಕೆ ಎಳೆದ ಹಾಗೆ ಕಂಡರೆ ಉದ್ದ-ಅಗಲ ಸರಿಮಾಡಲು ಲೈಟ್‌ರೂಮ್‌ನಲ್ಲಿ ಆಸ್ಪೆಕ್ಟ್ ಸ್ಲೈಡರ್ ಇದೆ.

ಹಳೆಲೆನ್ಸ್:
ಆಕಾಶದ ಬಗ್ಗೆ ಹೇಳುವುದು ಮರೆತೆ. ಪೂರ್ತಿ ಬಿಳಿಯಾದ ಆಕಾಶವನ್ನು ಯಾವ ಸ್ಲೈಡರ್ ಕೂಡ ವಾಪಸ್ ತರುವುದಿಲ್ಲ. ಹೇಗೂ ಇನ್ನೊಂದು ಸಲ ತೆಗೆಯುತ್ತೀರಿ. ಆಗ ಪರದೆಯಲ್ಲಿ ಆಕಾಶವನ್ನು ಮುಟ್ಟಿ ಬೆಳಕು ಲಾಕ್ ಮಾಡಿ ತೆಗೆಯಿರಿ. ಮನೆ ಕಪ್ಪಗೆ ಬಂದರೂ ಪರವಾಗಿಲ್ಲ, ಶ್ಯಾಡೋಸ್ ಏರಿಸಿದರೆ ಕಯ್ಯಾಲೆ ಕಾಣುತ್ತದೆ. ಜಾಸ್ತಿ ಏರಿಸಿದರೆ ರವೆ ರವೆ ಬರುತ್ತದೆ, ಐಮರದ (ಜಗಲಿಯಲ್ಲಿ ಕೂರುವ ಮರದ ಹಲಗೆ) ಹೊಳಪೂ ಹೋಗುತ್ತದೆ. ಡೀಹೇಜ್ ಮುಟ್ಟಬೇಡಿ. ಕೊಡಗಿನಲ್ಲಿ ಮಂಜು ಅಳಿಸಿ ಏನು ಮಾಡುತ್ತೀರಿ? ಇನ್ನೂ ಒಳ್ಳೆಯ ದಾರಿ ಬೇಕಾದರೆ ಸಂಜೆ ಸೂರ್ಯ ಮುಳುಗಿದ ಮೇಲೆ ತೆಗೆಯಿರಿ. ಒಳಗೆ ದೀಪ ಹಾಕಿದರೆ ಒಳಗಿನ ಬೆಳಕೂ ಹೊರಗಿನ ಬೆಳಕೂ ಹತ್ತಿರ ಹತ್ತಿರ ಬರುತ್ತವೆ.

ಕಾಫಿಬೀಜ:
ನಿನ್ನೆ ಐನ್‌ಮನೆಗೆ ಹೋಗಿದ್ದೆ. ದಾರಕ್ಕೆ ಕಲ್ಲು ಕಟ್ಟಿ ಎಡಗಂಬದ ತಲೆಯಿಂದ ಇಳಿಬಿಟ್ಟೆ. ಬುಡಕ್ಕೆ ಬರುವಾಗ ಮೂರು ಬೆರಳು ಆಚೆ ನಿಂತಿತು! ಬಲಗಂಬ ಸರಿಯಾಗಿದೆ. ಐಮರದ ಮೇಲೆ ಕೂತು ನೋಡುತ್ತಿದ್ದ ದೊಡ್ಡಪ್ಪ, ‘ಅದು ನಾನು ಚಿಕ್ಕವನಿದ್ದಾಗಲೇ ಹಾಗಿತ್ತು, ಕೇಳಿದ್ದರೆ ಹೇಳುತ್ತಿದ್ದೆ’ ಅಂದರು.

ಸ್ಟೂಲ್ ಹತ್ತಿ ಸಂಜೆ ಹೊಸದಾಗಿ ತೆಗೆದೆ. ಗೆರೆ ಈಗ ಬಾಗಿಲ ಚೌಕಟ್ಟು ಮತ್ತು ಬಲಗಂಬದ ಮೇಲೆ. ಎಲ್ಲ ನೆಟ್ಟಗಾಯಿತು, ಎಡಗಂಬ ಒಂದು ಬಿಟ್ಟು.

ಜಡಿಮಳೆ:
ಅದೊಂದನ್ನು ಬೇರೆ ಆ್ಯಪ್‌ನಲ್ಲಿ ನೆಟ್ಟಗೆ ಮಾಡಬಹುದು, ಹೇಳಲಾ?

ಕಾಫಿಬೀಜ:
ಬೇಡ. ದೊಡ್ಡಪ್ಪ ಪ್ರಿಂಟ್‌ನಲ್ಲಿ ಮೊದಲು ನೋಡುವುದೇ ಅದನ್ನು.