ಹೇಝಲ್‌ನಟ್ 18, ಗೋಡಂಬಿ 1.2: ಯಾವುದಕ್ಕೆ ಹೆದರಬೇಕು?

ಮಕ್ಕಳ_ಒಪಿಡಿ:
ಐದು ವರ್ಷದ ಮಗು, ತೂಕ 18 ಕಿಲೋ. ಗೋಡಂಬಿ ತಿಂದ ಹತ್ತೇ ನಿಮಿಷಕ್ಕೆ ಬಾಯಿ ಸುತ್ತ ಗಂದೆ, ಒಂದು ಸಲ ವಾಂತಿ. ಬಾದಾಮಿ ದಿನಾ ತಿನ್ನುತ್ತೆ, ತೊಂದರೆ ಇಲ್ಲ. ಹೇಝಲ್‌ನಟ್, ಅಕ್ರೋಟು, ಪಿಸ್ತಾ ಇನ್ನೂ ಕೊಟ್ಟಿಲ್ಲ. ಬರ್ಚ್ ಮರದ ಪರಾಗದ ಕಾಲದಲ್ಲಿ ಮೂಗು ಸೋರುತ್ತೆ. ನಿರ್ದಿಷ್ಟ ಐಜಿಇ (ಆಯಾ ಬೀಜಕ್ಕೆ ಅಂಟುವ ಅಲರ್ಜಿ ಪ್ರತಿಕಾಯ), ಕಿಲೋಯೂನಿಟ್/ಲೀಟರ್ ಲೆಕ್ಕದಲ್ಲಿ; ಕೋರ್ ಎ, ಆನಾ ಓ, ಜಗ್ ಆರ್ ಅಂದರೆ ಕ್ರಮವಾಗಿ ಹೇಝಲ್‌ನಟ್, ಗೋಡಂಬಿ, ಅಕ್ರೋಟಿನ ಬಿಡಿ ಪ್ರೋಟೀನುಗಳು:

ಹೇಝಲ್‌ನಟ್ 18, ಕೋರ್ ಎ 1: 22, ಕೋರ್ ಎ 8, 9, 14 ಮೂರೂ 0.1ಕ್ಕಿಂತ ಕಡಿಮೆ
ಗೋಡಂಬಿ 1.2; ಆನಾ ಓ 3: 0.9
ಅಕ್ರೋಟು 0.4, ಜಗ್ ಆರ್ 1: 0.1ಕ್ಕಿಂತ ಕಡಿಮೆ
ಬಾದಾಮಿ 0.6

18 ನೋಡಿ ಮನೆಯವರು ಗಾಬರಿಯಾಗಿದ್ದಾರೆ. ಎಲ್ಲ ಬೀಜಗಳನ್ನೂ ನಿಲ್ಲಿಸಬೇಕಾ?

ಬೀಜಗಣಿತ:
ಬೇಡ. ಇಲ್ಲಿ ಹೆದರಬೇಕಾದ್ದು 1.2ಕ್ಕೆ, 18ಕ್ಕಲ್ಲ.

ಸಸಿ ಮೊಳೆಯುವಾಗ ಬೇಕಾಗುವ ಬುತ್ತಿಯನ್ನು ಬೀಜ ಸ್ಟೋರೇಜ್ ಪ್ರೋಟೀನ್ ರೂಪದಲ್ಲಿ ಕಟ್ಟಿಟ್ಟುಕೊಂಡಿರುತ್ತೆ. ಮುಖ್ಯವಾಗಿ ಮೂರು ಗುಂಪು: 2ಎಸ್ ಆಲ್ಬುಮಿನ್ (ಆನಾ ಓ 3, ಕೋರ್ ಎ 14, ಜಗ್ ಆರ್ 1), 7ಎಸ್ ವಿಸಿಲಿನ್ (ಕೋರ್ ಎ 11), 11ಎಸ್ ಲೆಗ್ಯೂಮಿನ್ (ಕೋರ್ ಎ 9). ಇವುಗಳಲ್ಲಿ 2ಎಸ್ ಮಹಾ ಮೊಂಡು. ಪುಟ್ಟ ಪ್ರೋಟೀನು, ನಾಲ್ಕು ಡೈಸಲ್ಫೈಡ್ ಕೊಂಡಿಗಳು ಬಿಗಿಯಾಗಿ ಹಿಡಿದಿರುತ್ತವೆ. ಹುರಿದರೂ ಸುಲಭಕ್ಕೆ ಜಗ್ಗಲ್ಲ, ಹೊಟ್ಟೆಯ ಪೆಪ್ಸಿನ್‌ಗೂ ಜಗ್ಗಲ್ಲ. ಹಾಗಾಗಿ ಒಡೆಯದೆ ಇಡಿಯಾಗಿ ಕರುಳು ತಲುಪಿ ಇಡೀ ಮೈಯಲ್ಲಿ ಪ್ರತಿಕ್ರಿಯೆ ಎಬ್ಬಿಸುತ್ತೆ.

ಕೋರ್ ಎ 1 ಈ ಜಾತಿಯದೇ ಅಲ್ಲ. ಬರ್ಚ್ ಪರಾಗದ ಬೆಟ್ ವಿ 1ರ ನೆಂಟ. ಕಾವಿಗೂ ಜಠರರಸಕ್ಕೂ ಬೇಗ ಕರಗಿಹೋಗುತ್ತೆ, ಸಾಮಾನ್ಯವಾಗಿ ಬಾಯಿ ತುರಿಕೆಗೆ ಮುಗಿಯುತ್ತೆ. ಈ ಮಗುವಿನ 18 ಬಹುಪಾಲು ಅದರದ್ದೇ ಅನ್ನಿ.

ಆನಾ ಓ 3 ಪಾಸಿಟಿವ್, ಜೊತೆಗೆ ಗಂದೆ, ವಾಂತಿ: ಗೋಡಂಬಿ ಅಲರ್ಜಿ ಖಚಿತ, ಚಾಲೆಂಜ್ (ಆಸ್ಪತ್ರೆಯಲ್ಲಿ ಸ್ವಲ್ಪಸ್ವಲ್ಪವೇ ತಿನ್ನಿಸಿ ನೋಡುವ ಪರೀಕ್ಷೆ) ಮಾಡುವ ಅಗತ್ಯವಿಲ್ಲ. ಪಿಸ್ತಾದ ಪಿಸ್ ವಿ 1 ಹೆಚ್ಚುಕಡಿಮೆ ಅದೇ ಅಚ್ಚು, ಅದನ್ನೂ ಬಿಡಿಸಿ. ಮಾವೂ ಇದೇ ಕುಟುಂಬ ಅಲ್ವಾ ಅಂತ ಕೇಳೋರಿಗೆ: ಬುತ್ತಿ ಇರೋದು ಬೀಜದಲ್ಲಿ, ತಿರುಳಲ್ಲಿ ಅಲ್ಲ.

ಲ್ಯಾಬ್_ಮೇಜು:
18ರ ಹಿಂದೆ ಇನ್ನೊಂದು ಗುಟ್ಟಿದೆ. ಹೇಝಲ್‌ನಟ್ ಸಾರದಲ್ಲಿ ಕೋರ್ ಎ 1 ಸಹಜವಾಗಿ ಕಮ್ಮಿ ಇರುತ್ತೆ ಅಂತ, ಬಹಳ ಬಳಕೆಯಲ್ಲಿರುವ ಒಂದು ಕಿಟ್‌ನಲ್ಲಿ ಅದನ್ನೇ ಹೊರಗಿನಿಂದ ಸೇರಿಸಿದ್ದಾರೆ. ಬರ್ಚ್ ಅಲರ್ಜಿ ಇರುವ ಮಕ್ಕಳಲ್ಲಿ ಅಂಕಿ ಏರೋದು ಸಹಜ.

ಬಾದಾಮಿ 0.6, ಅಕ್ರೋಟು 0.4 ಇದೆಯಲ್ಲ, ಅವು ಸಸ್ಯ ಪ್ರೋಟೀನುಗಳ ಮೇಲಿನ ಸಕ್ಕರೆಕೊಂಡಿಗೆ (ಸಿಸಿಡಿ) ಅಂಟುವ ಐಜಿಇಯೂ ಇರಬಹುದು. ಪಾಸಿಟಿವ್ ಅನ್ನೋ ಗೆರೆಯಾದ 0.35 ದಾಟಿದ ಮಾತ್ರಕ್ಕೆ ಅಲರ್ಜಿ ಅಲ್ಲ. ದಾಟದಿದ್ದರೆ ನಿರಾಳವೂ ಅಲ್ಲ. ಒಟ್ಟು ಐಜಿಇ 20 ಇರುವ ಮಗುವಿನ 0.3ಕ್ಕೂ, 2000 ಇರುವ ಮಗುವಿನ 0.3ಕ್ಕೂ ತೂಕ ಬೇರೆ.

ಎಣ್ಣೆಹನಿಗಳಿಗೆ ಅಂಟಿಕೊಂಡಿರುವ ಓಲಿಯೋಸಿನ್‌ಗಳು ಪರೀಕ್ಷೆಗೆ ಬಳಸುವ ನೀರಿನ ಸಾರಕ್ಕೆ ಸರಿಯಾಗಿ ಇಳಿಯಲ್ಲ, ಹಾಗಾಗಿ ಅವುಗಳ ಅಲರ್ಜಿ ರಿಪೋರ್ಟಲ್ಲಿ ತಪ್ಪಿಹೋಗಬಹುದು. ರೋಗದ ಕಥೆ ಬಲವಾಗಿದ್ದು ರಿಪೋರ್ಟ್ ಖಾಲಿ ಬಂದರೆ ಕಥೆಯನ್ನೇ ನಂಬಿ.

ಮಕ್ಕಳ_ಒಪಿಡಿ:
ಹಾಗಾದರೆ ಹೇಝಲ್‌ನಟ್ ಮನೆಯಲ್ಲೇ ಶುರು ಮಾಡಲಿ ಅನ್ನಬಹುದಾ? ಅಕ್ರೋಟು?

ಚಾಲೆಂಜ್_ರೂಮ್:
ಮನೆಯಲ್ಲಿ ಬೇಡ, ಎರಡನ್ನೂ ಆಸ್ಪತ್ರೆಯಲ್ಲೇ, ಬೇರೆ ಬೇರೆ ದಿನ. ಜಗ್ ಆರ್ 1 ಇಲ್ಲ ಅಂದಮಾತ್ರಕ್ಕೆ ಅಕ್ರೋಟು ಸಲೀಸು ಅಲ್ಲ, ಅದರ 7ಎಸ್, 11ಎಸ್ ನೋಡೇ ಇಲ್ಲವಲ್ಲ. ಬಾದಾಮಿ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ತಿಂದು ಜೀರ್ಣಿಸಿಕೊಳ್ಳುತ್ತಿರುವುದನ್ನು ರಿಪೋರ್ಟ್ ನೋಡಿ ಬಿಡಿಸಿದರೆ ಸಹನೆಯೇ ಕೈತಪ್ಪಬಹುದು.

ಮೊದಲು ಸ್ಕಿನ್ ಪ್ರಿಕ್, ಅಂದರೆ ಬೀಜದ ಸಾರವನ್ನು ಚರ್ಮಕ್ಕೆ ಚುಚ್ಚಿ ಉಬ್ಬು ನೋಡುವ ಪರೀಕ್ಷೆ. ಸೆಟಿರಿಜಿನ್ ಥರದ ಅಲರ್ಜಿ ಮಾತ್ರೆ ಒಂದು ವಾರ ನಿಲ್ಲಿಸಿರಬೇಕು. ಚುಚ್ಚುಗಳ ನಡುವೆ 2 ಸೆಂ.ಮೀ., ಓದೋದು 15 ನಿಮಿಷಕ್ಕೆ. ಕೆಂಪು ಬಿಟ್ಟು ಉಬ್ಬು ಮಾತ್ರ ಅಳೆಯಿರಿ: ಉದ್ದ 7, ಅಡ್ಡ 5 ಮಿ.ಮೀ. ಇದ್ದರೆ 6 ಅಂತ ಬರೆಯಿರಿ. ಹೋಲಿಕೆಗೆ ಚುಚ್ಚುವ ಹಿಸ್ಟಮಿನ್‌ನ ಉಬ್ಬು 3 ಮಿ.ಮೀ. ಬರದಿದ್ದರೆ ಆ ದಿನದ ಪರೀಕ್ಷೆಯೇ ಲೆಕ್ಕಕ್ಕಿಲ್ಲ.

ಚಾಲೆಂಜ್‌ನಲ್ಲಿ ಎಲ್ಲರೂ ಎಡವೋದು ಒಂದೇ ಕಡೆ: 3, 10, 30, 100, 300, 1000, 3000 ಮಿಲಿಗ್ರಾಂ ಅನ್ನೋದು ಪ್ರೋಟೀನ್ ಲೆಕ್ಕ, ಬೀಜದ ತೂಕ ಅಲ್ಲ. ಹೇಝಲ್‌ನಟ್‌ನಲ್ಲಿ ಪ್ರೋಟೀನ್ ಸುಮಾರು 15%. 3 ಮಿ.ಗ್ರಾಂ.ಗೆ ಬೀಜ 20 ಮಿ.ಗ್ರಾಂ., 3 ಗ್ರಾಂಗೆ 20 ಗ್ರಾಂ. ಎಣ್ಣೆ ತೆಗೆದ ಹಿಟ್ಟಾದರೆ ಲೆಕ್ಕ ಪೂರ್ತಿ ಬದಲು, ಪೊಟ್ಟಣದ ಮೇಲಿನ ಶೇಕಡಾ ನೋಡಿಕೊಳ್ಳಿ. 20 ಮಿ.ಗ್ರಾಂ. ತೂಗುವ ತಕ್ಕಡಿ ಇಲ್ಲದಿದ್ದರೆ 1 ಗ್ರಾಂ ನುಣ್ಣನೆ ಪೇಸ್ಟನ್ನು ಗಟ್ಟಿ ಹಣ್ಣಿನ ಪ್ಯೂರಿಯಲ್ಲಿ ಒಟ್ಟು 50 ಗ್ರಾಂ ಆಗುವ ಹಾಗೆ ಕಲಸಿ. ಅದರ 1 ಗ್ರಾಂ ಮೊದಲ ಡೋಸ್. ನೀರುನೀರಾಗಿದ್ದರೆ ಪುಡಿ ತಳಕ್ಕಿಳಿದು ಕೊನೆಯ ಚಮಚದಲ್ಲಿ ಡೋಸ್ ಹೆಚ್ಚಾಗುತ್ತೆ.

ಡೋಸ್‌ಗಳ ನಡುವೆ 20ರಿಂದ 30 ನಿಮಿಷ, ಕೊನೆಯದಾದ ಮೇಲೆ ಕನಿಷ್ಠ ಎರಡು ಗಂಟೆ ಕಾಯಿರಿ. ಹುರಿದ ಬೀಜವನ್ನೇ ಬಳಸಿ, ಕೋರ್ ಎ 1ರ ಗದ್ದಲ ತಗ್ಗುತ್ತೆ. ಬರೀ ಬಾಯಿ ತುರಿಕೆಗೆ ನಿಲ್ಲಿಸಬೇಡಿ, ಮುಂದಿನ ಡೋಸ್ ಸ್ವಲ್ಪ ತಡಮಾಡಿ. ಪದೇ ಪದೇ ವಾಂತಿ, ಉಬ್ಬಸ, ಮಂಕು ಕವಿದ ಹಾಗೆ ಆದರೆ ಅಲ್ಲಿಗೇ ನಿಲ್ಲಿಸಿ ಅಡ್ರಿನಲಿನ್: ಕಿಲೋಗೆ 0.01 ಮಿ.ಗ್ರಾಂ., ಈ ಮಗುವಿಗೆ 1 ಮಿ.ಗ್ರಾಂ./ಮಿ.ಲೀ. ದ್ರಾವಣದ 0.18 ಮಿ.ಲೀ., ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಸಿರಿಂಜಿನ ಡೋಸನ್ನು ಮೊದಲ ಚಮಚ ಕೊಡುವ ಮುಂಚೆಯೇ ಚಾರ್ಟಿನ ಮೇಲೆ ಬರೆದಿಡಿ. ಮಗು ನೀಲಿಯಾಗುತ್ತಿರುವಾಗ ತೂಕದ ಗುಣಾಕಾರ ಯಾರಿಗೂ ಹೊಳೆಯಲ್ಲ.