ಸಹಾಯ ಬೇಕು: ಮಿಡತೆ ಫ್ಲೈಗೆ ರಬ್ಬರ್ ಕಾಲು ನೇರವಾಗಿ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನವನು, ಜಯನಗರದ ಮನೆಯಲ್ಲೇ ಕೂತು ಫ್ಲೈ (ಮೀನು ಹಿಡಿಯಲು ಹುಕ್ಕಿಗೆ ದಾರ ಸುತ್ತಿ ಮಾಡುವ ನಕಲಿ ಹುಳ) ಕಟ್ಟುವುದನ್ನು ಕಲಿಯುತ್ತಿದ್ದೇನೆ. ಹೇಳಿಕೊಡುವವರು ಹತ್ತಿರದಲ್ಲಿ ಯಾರೂ ಇಲ್ಲ.

8ನೇ ನಂಬರ್ ಹುಕ್ಕಿಗೆ ಫೋಮ್ ಮಿಡತೆ ಕಟ್ಟುತ್ತಿದ್ದೇನೆ. ಮೈ ಚೆನ್ನಾಗಿ ಬರುತ್ತದೆ. ತೊಂದರೆ ಕಾಲಿನದು. ನನ್ನ ಕಡೆಯ ಕಾಲು ದಾರ ಬಿಗಿಯುತ್ತಿದ್ದಂತೆ ಮೇಲಕ್ಕೆ ಏರುತ್ತದೆ, ಆ ಕಡೆಯದು ಹೊಟ್ಟೆಯ ಕೆಳಗೆ ಜಾರುತ್ತದೆ. ದಾರ ಸುತ್ತುವ ದಿಕ್ಕಿಗೇ ಕಾಲನ್ನು ಎಳೆದುಕೊಂಡು ಹೋಗುತ್ತದೆ ಅಂತ ಗೊತ್ತಾಗಿದೆ, ತಡೆಯುವುದು ಹೇಗೆ ಅಂತ ಗೊತ್ತಾಗುತ್ತಿಲ್ಲ.

ಕಾಲನ್ನು ಅಡ್ಡ ಇಟ್ಟು ಎಂಟರ ಆಕಾರದಲ್ಲಿ ಸುತ್ತಿದೆ. ಕಾಲನ್ನು ದಾರದ ಮೇಲೆ ಮಡಚಿ ಹಾಕಿ, ಜಾರಿಸಿ ಪಕ್ಕಕ್ಕೆ ತಂದು ಕಟ್ಟಿದೆ. ಇದು ಸ್ವಲ್ಪ ವಾಸಿ, ಆದರೆ ಬಿಗಿ ಮಾಡಿದರೆ ಎರಡು ತುದಿಯೂ ಅಗಲವಾಗಿ ಕವಲೊಡೆಯುತ್ತವೆ. ಸಡಿಲ ಬಿಟ್ಟರೆ ನಾಲ್ಕು ಸಲ ಎಸೆಯುವಷ್ಟರಲ್ಲಿ ತಿರುಗಿಬಿಡುತ್ತದೆ. ಒಂದು ಹನಿ ಸೂಪರ್ ಗ್ಲೂ ಹಾಕಿ ನೋಡಿದೆ, ಅಂಟು ಹರಡಿ ಕಾಲು ಕಡ್ಡಿ ಥರ ಆಯಿತು. ನೀರಲ್ಲಿ ಅಲುಗಾಡದಿದ್ದರೆ ರಬ್ಬರ್ ಕಾಲು ಯಾಕೆ ಬೇಕು, ಅಲ್ವಾ?

ಎರಡೂ ಕಡೆಯ ಕಾಲನ್ನು ಬೇರೆ ಬೇರೆ ಕಟ್ಟಬೇಕಾ, ಒಟ್ಟಿಗೆ ಕಟ್ಟಬೇಕಾ? ಮೊದಲ ಎರಡು ಸುತ್ತು ಎಷ್ಟು ಬಿಗಿ ಇರಬೇಕು? ಕಟ್ಟಿ ಅನುಭವ ಇರುವವರು ದಯವಿಟ್ಟು ತಿಳಿಸಿ.